ಬೋಣಿ ಟೀಚರ ಹದಿನೇಳನೇ ಅರ್ಥ

ಬೆಳಿಗ್ಗೆ ಷಟರ್ ಎತ್ತಿ, ಬಾಗಿಲಿಗೆ ನೀರು ಚಿಮುಕಿಸಿ, ಊದುಬತ್ತಿ ಹಚ್ಚಿ ಕೂತ ಮೇಲೆ ಮೊದಲ ಗಿರಾಕಿ ಬರುವ ತನಕ ಅಂಗಡಿಯವನು ಪೂರ್ತಿ ಮನುಷ್ಯನಾಗಿರುವುದಿಲ್ಲ. ಆ ಹೊತ್ತಿನಲ್ಲಿ ಸ್ನೇಹಿತ ಬಂದು ಚಿಲ್ಲರೆ ಕೇಳಿದರೆ ಇಲ್ಲ ಅನ್ನುತ್ತೇವೆ. ಗಲ್ಲಾದಲ್ಲಿ ಚಿಲ್ಲರೆ ಇರುತ್ತದೆ. ಪಕ್ಕದವನು ಸೂಜಿ ಕೇಳಿದರೂ ಕೊಡುವುದಿಲ್ಲ. ಎಲ್ಲದಕ್ಕೂ ಒಂದೇ ಉತ್ತರ, ಇನ್ನೂ ಬೋಣಿ ಆಗಿಲ್ಲ. ಈ ಉತ್ತರಕ್ಕೆ ಎದುರುತ್ತರ ಕೊಟ್ಟವರನ್ನು ಗೌರಿಬಿದನೂರಿನ ನಮ್ಮ ರಸ್ತೆಯಲ್ಲಿ ನಾನು ಒಬ್ಬರನ್ನೇ ಕಂಡಿದ್ದೇನೆ. ಅವರು ನಮ್ಮ ಕನ್ನಡ ಟೀಚರ್.

ಟೀಚರ್ ಕಳೆದ ತಿಂಗಳು ನಿವೃತ್ತರಾಗಿ ನಗರಗೆರೆಯ ಕಡೆ ಇರುವ ತಮ್ಮ ಹಳ್ಳಿಗೆ ಹೋದರು. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಇದನ್ನು ಓದುತ್ತಾರೆ, ಓದಿದರೆ ಒತ್ತಕ್ಷರದ ತಪ್ಪುಗಳಿಗೆಲ್ಲ ಸುತ್ತು ಹಾಕಿ ಅಂಚೆಯಲ್ಲಿ ಕಳಿಸುತ್ತಾರೆ. ನನ್ನ ಮದುವೆಯ ಆಮಂತ್ರಣ ಪತ್ರಿಕೆಗೆ ಹಾಗೆ ಮಾಡಿದ್ದರು. ಮೂರು ಸುತ್ತು, ಕೆಳಗೆ ‘ಶುಭವಾಗಲಿ, ಇನ್ನಷ್ಟು ಗಮನ ಬೇಕು’ ಅಂತ ಒಂದು ಷರಾ. ಆ ಎರಡನೇ ಮಾತು ಪತ್ರಿಕೆಗೋ ಮದುವೆಗೋ ಅಂತ ನನ್ನ ಹೆಂಡತಿ ಇವತ್ತಿಗೂ ಕೇಳುತ್ತಾಳೆ.

ಊರಿನ ಬಾಯಲ್ಲಿ ಅವರು ಬೋಣಿ ಟೀಚರ್. ಆ ಹೆಸರು ಬರಲು ನಮ್ಮ ಅಂಗಡಿಯೇ ಕಾರಣ. ನಾನು ಎಂಟನೇ ತರಗತಿಯಲ್ಲಿದ್ದಾಗ ನನ್ನಪ್ಪ ಬಸ್‌ಸ್ಟ್ಯಾಂಡಿನಿಂದ ರೈಲ್ವೆ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ಪುಸ್ತಕ, ಪೆನ್ನು, ಪೆನ್ಸಿಲ್ ಮಾರುವ ಈ ಅಂಗಡಿ ತೆರೆದರು. ಅದಕ್ಕೆ ಹಿಂದಿನ ವರ್ಷ ನನ್ನ ಅಮ್ಮ ತೀರಿಕೊಂಡಿದ್ದರು. ಅಪ್ಪನಿಗೆ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ, ಅಂಗಡಿಯಲ್ಲಾದರೂ ಕೂರೋಣ ಅಂತ ತೆರೆದದ್ದು. ಮೊದಲ ದಿನ ಮೊದಲ ಗಿರಾಕಿಯಾಗಿ ಬಂದವರು ಟೀಚರ್. ಒಂದು ಕಾಪಿ ಪುಸ್ತಕ ಕೊಂಡು, ಅಪ್ಪನಿಗೆ ಒಳ್ಳೆಯದಾಗಲಿ ಅಂತ ಹೇಳಿ ಹೋದರು. ಸಂಜೆಯೊಳಗೆ ತರಿಸಿದ್ದ ಕಾಪಿ ಪುಸ್ತಕವೆಲ್ಲ ಖಾಲಿಯಾಯಿತು. ಅಪ್ಪ ಬರಿದಾದ ಕಪಾಟನ್ನು ನೋಡುತ್ತಾ ಕಣ್ಣೊರೆಸಿಕೊಂಡರು.

“ಎಂಥಾ ಕೈಗುಣ ಕಣೋ ಆಯಮ್ಮಂದು” ಅಂದರು.

ನಿಜ ಏನೆಂದರೆ ಅವತ್ತು ಟೀಚರ್ ಮೂರು ತರಗತಿಗಳಿಗೆ ನಾಳೆ ಎಲ್ಲರೂ ಹೊಸ ಕಾಪಿ ಪುಸ್ತಕ ತರಬೇಕು ಅಂತ ಹೇಳಿದ್ದರು. ಆ ಮೂರು ತರಗತಿಗಳಲ್ಲಿ ನನ್ನದೂ ಒಂದು. ನಾನು ಅಪ್ಪನಿಗೆ ಹೇಳಿದೆ, ನಂಬಲಿಲ್ಲ. ಮುಂದೆ ಟೀಚರೇ ಬಂದು ಹೇಳಿದರು. “ಅದು ಕೈಗುಣ ಅಲ್ಲ, ಹೋಂವರ್ಕ್ ಗುಣ” ಅಂದರು. ಅಪ್ಪ ಕೈಮುಗಿದು, ದೊಡ್ಡವರು ಹಾಗೇ ಹೇಳುವುದು ಅಂದುಬಿಟ್ಟರು.

ಸುದ್ದಿ ಒಂದೇ ವಾರದಲ್ಲಿ ರಸ್ತೆಯ ಈ ತುದಿಯಿಂದ ಆ ತುದಿಗೆ ಹೋಯಿತು. ಮುಂದೆ ಅವರಿಗೆ ತೊಂಡೇಬಾವಿಗೆ ವರ್ಗವಾಗಿ, ದಿನಾ ಬೆಳಿಗ್ಗೆ ರೈಲು ಹಿಡಿಯಲು ಇದೇ ರಸ್ತೆಯಲ್ಲಿ ನಡೆದು ಹೋಗುವಂತಾದಾಗ ಅಂಗಡಿಯವರಿಗೆಲ್ಲ ಹಬ್ಬ. ಟೀಚರಮ್ಮಾ ಒಂದು ಬೋಣಿ ಮಾಡಿ ಹೋಗಿ, ಟೀಚರ್ ಒಂದು ನಿಂಬೆಹಣ್ಣಾದ್ರೂ ತಗೊಳ್ಳಿ. ಪಾಪ, ಇಲ್ಲ ಅನ್ನಲು ಬಾರದ ಹೆಂಗಸು. ಸ್ಟೇಷನ್ ತಲುಪುವಷ್ಟರಲ್ಲಿ ಅವರ ಚೀಲದಲ್ಲಿ ಎರಡು ನಿಂಬೆಹಣ್ಣು, ಒಂದು ಬೆಂಕಿಪೊಟ್ಟಣ, ಒಂದು ಹೇರ್‌ಪಿನ್ನು, ಕಾಲು ಕೆ.ಜಿ. ಉಪ್ಪು ಸೇರಿರುತ್ತಿದ್ದವು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರ ಯಜಮಾನರು ಒಮ್ಮೆ ನಮ್ಮ ಅಂಗಡಿಗೆ ಬಂದು ಅಪ್ಪನ ಹತ್ತಿರ ದೂರು ಹೇಳಿದರು. “ನಮ್ಮನೇಲಿ ಇರೋದು ಒಂದು ಗ್ಯಾಸ್ ಒಲೆ, ಅದಕ್ಕೂ ಲೈಟರ್ ಇದೆ. ಬೆಂಕಿಪೊಟ್ಟಣ ಮಾತ್ರ ಒಂದು ಗೋಣಿಚೀಲ ತುಂಬಿವೆ. ಪೊಲೀಸಿನೋರು ನೋಡಿದ್ರೆ ಏನಂದ್ಕೊಳ್ತಾರೆ ಸ್ವಾಮಿ?” ಅಂದರು. ಹೇಳುವಾಗ ನಗುತ್ತಿದ್ದರು. ಹೆಂಡತಿಯ ಬಗ್ಗೆ ಒಳಗೊಳಗೇ ಬೀಗುವ ಜಾತಿಯ ಗಂಡಸು ಅವರು.

ಟೀಚರಿಗೆ ಕೈಗುಣದಲ್ಲಿ ಕಾಸಿನಷ್ಟೂ ನಂಬಿಕೆ ಇರಲಿಲ್ಲ. ಅವರ ಆಸಕ್ತಿಯೆಲ್ಲ ಪದದ ಮೇಲೆ. ಅವರಿಗೆ ಇನ್ನೂ ವರ್ಗವಾಗಿರದ ಕಾಲ, ನಾವು ಹತ್ತನೇ ತರಗತಿಯಲ್ಲಿದ್ದಾಗ ಒಂದು ಶನಿವಾರ ಕರಿಹಲಗೆಯ ಮೇಲೆ ‘ಬೋಣಿ’ ಅಂತ ದಪ್ಪಗೆ ಬರೆದು, ಸೋಮವಾರದ ಹೊತ್ತಿಗೆ ಈ ಪದ ಎಲ್ಲಿಂದ ಬಂತು ಅಂತ ಪೇಟೆಯಲ್ಲಿ ಕೇಳಿಕೊಂಡು ಬನ್ನಿ ಅಂದರು. ಪುಸ್ತಕದಲ್ಲಿ ನೋಡುವ ಹಾಗಿಲ್ಲ. ಸೋಮವಾರ ತರಗತಿ ಸಂತೆಯೇ ಆಯಿತು. ಬಳೆ ಅಂಗಡಿ ಸಾಬರು ಅದು ನಮ್ಮ ಬೋಹನಿ ಅಂದಿದ್ದರು. ಪುರಿ, ಕಡಲೆಕಾಯಿ ಮಾರುವ ಅಜ್ಜಿ ಅದು ನಮ್ಮ ತೆಲುಗಿನದು, ನೀವು ತಗೊಂಡಿದ್ದೀರಿ, ವಾಪಸ್ಸು ಕೊಡುವಾಗ ಕೇಳಿ ಕೊಡಿ ಅಂದಿದ್ದಳು. ಚಿಕ್ಕಬಳ್ಳಾಪುರಕ್ಕೆ ಹೂವು ಕೊಳ್ಳಲು ಬರುವ ತಮಿಳಿನವರು ಪೋಣಿ ಅನ್ನುತ್ತಾರೆ ಅಂತ ಒಬ್ಬಳು ಬರೆದು ತಂದಿದ್ದಳು. ಇನ್ನೊಬ್ಬನ ಮಾವ ದ್ರಾಕ್ಷಿ ಲಾರಿ ತೆಗೆದುಕೊಂಡು ಪುಣೆಗೆ ಹೋಗುವವರು. ಅಲ್ಲಿ ಅದಕ್ಕೆ ಭವಾನಿ ಅನ್ನುತ್ತಾರಂತೆ, ಆದ್ದರಿಂದ ಇದು ದೇವಿಯ ಹೆಸರು ಅಂತ ಅವನ ವಾದ.

ನಾನು ಸೋಮಾರಿ. ಅಪ್ಪನನ್ನು ಮಾತ್ರ ಕೇಳಿದ್ದೆ. ಎದ್ದು ನಿಂತು ಅವರು ಹೇಳಿದ್ದನ್ನೇ ಒಪ್ಪಿಸಿದೆ. “ಬೆಳಿಗ್ಗೆ ಬೆಳಿಗ್ಗೆ ತಲೆ ತಿನ್ಬೇಡ, ಮೊದ್ಲು ಬೋಣಿ ಆಗ್ಲಿ, ಆಮೇಲೆ ಹೇಳ್ತೀನಿ ಅಂದ್ರು ಟೀಚರ್.”

ತರಗತಿ ನಕ್ಕಿತು. ಟೀಚರ್ ನಗಲಿಲ್ಲ. ಒಂದು ಕಣ್ಣು ಮುಚ್ಚಿಕೊಂಡರು. ಯೋಚನೆ ಮಾಡುವಾಗ ಅವರು ಯಾವಾಗಲೂ ಒಂದು ಕಣ್ಣು ಮುಚ್ಚುತ್ತಿದ್ದರು. ಆಮೇಲೆ ನನಗೆ ಹತ್ತಕ್ಕೆ ಹತ್ತು ಅಂಕ ಕೊಟ್ಟರು.

“ನೋಡ್ರಪ್ಪ, ಮಿಕ್ಕೋರೆಲ್ಲ ಪದದ ಊರು ಕೇಳ್ಕೊಂಡು ಬಂದ್ರು, ಇವನು ಅದು ಬದುಕಿರೋದನ್ನ ನೋಡ್ಕೊಂಡು ಬಂದಿದ್ದಾನೆ. ಅದರ ಹುಟ್ಟೂರು ಯಾವುದು ಅಂತ ನನಗೂ ಗೊತ್ತಿಲ್ಲ. ಸಂಸ್ಕೃತದಿಂದ ಬಂತು ಅನ್ನೋರೂ ಇದ್ದಾರೆ, ಅಂದ್ಕೊಳ್ಲಿ. ನಂಗನ್ಸೋದು, ಅದು ತಕ್ಕಡಿ ಜೊತೆ ಗಾಡಿ ಹತ್ತಿ ಎಲ್ಲಾ ಸಂತೆನೂ ಸುತ್ತಿದೆ” ಅಂದರು.

ನನ್ನ ಜೀವಮಾನದಲ್ಲಿ ಕನ್ನಡಕ್ಕೆ ಬಂದ ಹತ್ತಕ್ಕೆ ಹತ್ತು ಅದೊಂದೇ.

ಅವತ್ತೇ ನಮ್ಮ ಅಂಗಡಿಯಿಂದ ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಂಡರು. ಪೇಟೆಯ ಪದಗಳನ್ನು ಅದರಲ್ಲಿ ಬರೆಯುತ್ತಾ ಹೋದರು. ಬೋಣಿಗೆ ಮಾತ್ರ ಬೇರೆಯದೇ ಪುಟಗಳು. ಒಂದನೇ ಅರ್ಥ, ದಿನದ ಮೊದಲ ಮಾರಾಟ. ಎರಡನೆಯದು, ಹೊಸ ಅಂಗಡಿಯ ಮೊದಲ ಮಾರಾಟ. ಆಮೇಲೆ ಅರ್ಥ ಅಂಗಡಿಯಿಂದ ಇಳಿದು ಬೀದಿಗೆ ಬರುತ್ತದೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ದಿನದ ಮೊದಲ ಲಾಟು ಹರಾಜಾಗುವುದು. ಚಿಂತಾಮಣಿ ಬಸ್ಸಿನ ಕಂಡಕ್ಟರು ಹರಿಯುವ ಮೊದಲ ಟಿಕೆಟ್ಟು. ಹುಡುಗರ ಕ್ರಿಕೆಟ್ಟಿನಲ್ಲಿ ಮೊದಲ ರನ್ನು. ಹತ್ತನೇ ಅರ್ಥಕ್ಕೆ ಬರುವ ಹೊತ್ತಿಗೆ ಪದ ಕೆಟ್ಟ ಸಹವಾಸಕ್ಕೆ ಬಿದ್ದಿತ್ತು. ಗಣಿತದಲ್ಲಿ ಮೊದಲ ಸಲ ಫೇಲಾಗುವುದು, ಹೊಸ ಬೈಕಿಗೆ ಬೀಳುವ ಮೊದಲ ಗೀರು, ಹೊಸ ಸೊಸೆಗೆ ಅತ್ತೆಯಿಂದ ಬೀಳುವ ಮೊದಲ ಬೈಗುಳ. ಇದನ್ನೆಲ್ಲ ಯಾರ ಬಾಯಲ್ಲಿ, ಯಾವ ಊರಲ್ಲಿ ಕೇಳಿದ್ದು ಅಂತ ಪಕ್ಕದಲ್ಲಿ ಬರೆಯುತ್ತಿದ್ದರು. ಅತ್ತೆಯ ಬೈಗುಳದ ಪಕ್ಕದಲ್ಲಿ ‘ಸ್ವಂತ ಅನುಭವ’ ಅಂತ ಇತ್ತು.

ಹದಿನಾರರವರೆಗೆ ನಾನು ಬಲ್ಲೆ. ಹದಿನೇಳನೇ ಅರ್ಥ ಕೊಟ್ಟವನು ನಾನೇ.

ಹನ್ನೊಂದು ವರ್ಷದ ಹಿಂದೆ ಟೀಚರ ಯಜಮಾನರು ಕಚೇರಿಯಲ್ಲಿ ಕೂತಲ್ಲೇ ಎದೆನೋವು ಬಂದು ಹೋಗಿಬಿಟ್ಟರು. ಇಡೀ ರಸ್ತೆ ಹೋಗಿ ಬಂತು. ಅಪ್ಪನೂ ನಾನೂ ಮಣ್ಣಿಗೆ ಹೋಗಿದ್ದೆವು. ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಟೀಚರ್ ಮತ್ತೆ ಕೆಲಸಕ್ಕೆ ಹೊರಟರು. ಅದೇ ಚೀಲ, ಅದೇ ಕೊಡೆ, ಅದೇ ನಡಿಗೆ. ದೂರದಲ್ಲಿ ಅವರು ಕಂಡ ಕೂಡಲೇ ನಮ್ಮ ರಸ್ತೆಗೆ ಏಕಾಏಕಿ ಕೆಲಸ ಹತ್ತಿಕೊಂಡಿತು. ನಿಂಬೆಹಣ್ಣಿನವನು ಬೆನ್ನು ತಿರುಗಿಸಿ ಹಣ್ಣು ಒರೆಸತೊಡಗಿದ. ಕಿರಾಣಿಯವರು ಒಳಗೆ ಹೋಗಿ ಏನೋ ಹುಡುಕಿದರು. ಟೀಚರಮ್ಮಾ ಬನ್ನಿ ಅಂತ ಒಬ್ಬರೂ ಕೂಗಲಿಲ್ಲ.

ಅಪ್ಪ ನನ್ನ ಕಿವಿಯ ಹತ್ತಿರ ಬಂದರು. “ನಂ ಅಂಗಡೀಗೆ ಬಂದ್ರೆ ಸ್ವಲ್ಪ ತಡಿಯೋಕೆ ಹೇಳು. ಮೊದ್ಲು ಬೇರೆ ಯಾರಾದ್ರೂ ಬರ್ಲಿ” ಅಂದರು. ನಾನು ಅಪ್ಪನ ಮುಖ ನೋಡಿದೆ. ಅವರು ಕ್ಯಾಲೆಂಡರು ನೋಡುತ್ತಿದ್ದರು.

ಟೀಚರ್ ಬಂದರು. ರೈಲಿನಲ್ಲಿ ಕೂತು ಕಿರುಪರೀಕ್ಷೆಯ ಪೇಪರು ತಿದ್ದಬೇಕು, ಒಂದು ಕೆಂಪು ರೀಫಿಲ್ ಕೊಡಪ್ಪ ಅಂದರು. ರೀಫಿಲ್ಲಿನ ಡಬ್ಬ ನನ್ನ ಮೊಣಕೈ ಪಕ್ಕದಲ್ಲೇ ಇತ್ತು.

“ಟೀಚರ್, ಒಂದೈದು ನಿಮಿಷ. ಇನ್ನೂ ಬೋಣಿ ಆಗಿಲ್ಲ” ಅಂದೆ.

ಹೇಳಿದ ಮೇಲೆ ನನ್ನ ನಾಲಿಗೆಯನ್ನೇ ಕಿತ್ತು ಬಿಸಾಡಬೇಕು ಅನ್ನಿಸಿತು. ಟೀಚರ್ ಒಂದು ಕಣ್ಣು ಮುಚ್ಚಿ ನನ್ನನ್ನು ನೋಡಿದರು. ಆಮೇಲೆ ಮೆಟ್ಟಿಲಿನಿಂದ ಕೆಳಗಿಳಿದು ಪಕ್ಕಕ್ಕೆ ನಿಂತು, ಚೀಲದಿಂದ ಆ ನೋಟ್‌ಬುಕ್ಕು ತೆಗೆದು, ನೀಲಿ ಪೆನ್ನಿನಲ್ಲಿ ಏನೋ ಬರೆದರು. ಬರೆದದ್ದನ್ನು ಪಾಠ ಓದುವ ಹಾಗೆ ಓದಿ ಹೇಳಿದರು.

“ಹದಿನೇಳು. ಬೋಣಿ ಆಗಿಲ್ಲ ಅಂದರೆ, ನೀವು ಬರಬೇಡಿ. ಮರ್ಯಾದಸ್ಥರ ಬಳಕೆ. ಸರಿ ಇದೆಯೇನಪ್ಪ?”

ರೈಲಿನ ಹೊತ್ತಾಗಿತ್ತು, ಅವರು ರೀಫಿಲ್ ಇಲ್ಲದೆಯೇ ಹೊರಟುಹೋದರು. ತೊಂಡೇಬಾವಿಯ ಮಕ್ಕಳ ಪೇಪರುಗಳನ್ನು ಅವತ್ತು ಪೆನ್ಸಿಲಿನಲ್ಲಿ ತಿದ್ದಿದರು ಅಂತ ಆಮೇಲೆ ಗೊತ್ತಾಯಿತು. ಆ ದಿನ ನಮ್ಮಲ್ಲಿ ವ್ಯಾಪಾರ ಚೆನ್ನಾಗಿಯೇ ಆಯಿತು, ಅದು ಇನ್ನೂ ಬೇಜಾರಿನ ವಿಷಯ.

ಬೇರೆಯವರಾಗಿದ್ದರೆ ದಾರಿ ಬದಲಾಯಿಸುತ್ತಿದ್ದರು. ಸ್ಟೇಷನ್ನಿಗೆ ಹಿಂದಿನ ರಸ್ತೆಯೂ ಇದೆ. ಟೀಚರ್ ಮಾರನೇ ದಿನ ಸರಿಯಾಗಿ ಅದೇ ಹೊತ್ತಿಗೆ ಬಂದು, ನಮ್ಮ ಅಂಗಡಿಯ ಎದುರಿನ ಲೈಟುಕಂಬದ ಹತ್ತಿರ ಕೊಡೆ ಊರಿಕೊಂಡು ನಿಂತು, ತರಗತಿಯಲ್ಲಿ ಹಾಜರಿ ಕೂಗುವ ದನಿಯಲ್ಲಿ ಕೂಗಿದರು.

“ಏನಪ್ಪ, ಆಯ್ತಾ ಬೋಣಿ? ಈಗ ಬರ್ಲಾ?”

ಕೊನೇ ಬೆಂಚಿಗೆ ಕೇಳುವಂತೆ ಇಪ್ಪತ್ತೈದು ವರ್ಷ ಪಳಗಿಸಿದ ದನಿ ಅದು. ರಸ್ತೆಯ ಎರಡೂ ತುದಿಗೆ ಮುಟ್ಟಿತು. ಆಮೇಲೆ ನಿಂಬೆಹಣ್ಣಿನವನಿಗೆ, ಆಮೇಲೆ ಕಿರಾಣಿಗೆ, ಹೀಗೆ ಹೆಸರು ಹಿಡಿದು ಒಬ್ಬೊಬ್ಬರಿಗೂ. ಕೋಪ ಇಲ್ಲ, ವ್ಯಂಗ್ಯ ಇಲ್ಲ, ಬರಿಯ ವಿಚಾರಣೆ. ದಿನಾ ಬೆಳಿಗ್ಗೆ ನಾವು ಗೈರುಹಾಜರಾದ ಹುಡುಗರ ಹಾಗೆ ತಲೆ ತಗ್ಗಿಸಿ ಕೂರತೊಡಗಿದೆವು.

ಮೊದಲು ಸೋತದ್ದು ಕಡಲೆಕಾಯಿ ಅಜ್ಜಿ. ಸೋತಳು ಅನ್ನುವುದು ತಪ್ಪು, ಅವಳು ನಮ್ಮ ಪಾರ್ಟಿಯಲ್ಲಿ ಇರಲೇ ಇಲ್ಲ. ಒಂದು ದಿನ ಎದ್ದು ಹೋಗಿ ಟೀಚರ ಕೈಹಿಡಿದು ತನ್ನ ಬುಟ್ಟಿಯ ಹತ್ತಿರ ಕರೆತಂದಳು. “ನಾ ಬುಟ್ಟಿ ರೋಜೂ ನೇನೇ ಗದಮ್ಮಾ ತೆರಿಚೇದಿ” ಅಂದಳು. ಅವಳ ಗಂಡ ಸತ್ತು ಎಷ್ಟೋ ಕಾಲವಾಗಿತ್ತು. ದಿನಾ ಬುಟ್ಟಿಯ ಬಟ್ಟೆ ತೆಗೆಯುವುದು ಅವಳದೇ ಕೈ, ಅದರಲ್ಲೇ ಮೂವರು ಮಕ್ಕಳ ಮದುವೆ ಮಾಡಿದ್ದಳು. ಆ ಬುಟ್ಟಿಯನ್ನು ಅಷ್ಟು ವರ್ಷ ನೋಡಿಯೂ ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ.

ಆಮೇಲೆ ಬಳೆ ಸಾಬರು. “ಬನ್ನಿ ಟೀಚರಮ್ಮಾ, ಬಳೆ ಅಂಗಡೀಗೆ ಹೆಂಗಸ್ರನ್ನ ಬರಬೇಡಿ ಅಂದ್ರೆ ನಾನೇನ್ ನನ್ ಗಡ್ಡಕ್ಕೆ ತೊಡಿಸ್ಲಾ?” ಅಂತ ಕರೆದರು. ಟೀಚರ್ ಶಾಲೆಯ ನಾಟಕದ ಹುಡುಗಿಯರಿಗೆ ಅಂತ ಎರಡು ಡಜನ್ ಕೊಂಡರು. ಹದಿನೈದು ದಿನದಲ್ಲಿ ನಿಂಬೆಹಣ್ಣಿನವನೂ ಕಿರಾಣಿಯವರೂ ದಾರಿಗೆ ಬಂದರು. ಉಳಿದದ್ದು ನಮ್ಮದೊಂದೇ ಅಂಗಡಿ. ನಾನು ತಡೆಯಲಾರದೆ ಒಂದು ಸಂಜೆ ಸ್ಟೇಷನ್ನಿನ ಹತ್ತಿರ ಅವರನ್ನು ಹಿಡಿದು, ತಪ್ಪಾಯಿತು, ನಾಳೆಯಿಂದ ನೀವೇ ಮೊದಲು ಬನ್ನಿ ಟೀಚರ್ ಅಂದೆ.

“ನೀನು ಹೇಳಿದ್ದಲ್ಲಪ್ಪ ಅದು. ನಿನ್ನ ಉಚ್ಚಾರಣೆ ನಂಗೊತ್ತಿಲ್ವಾ? ನಿಮ್ಮಪ್ಪ ಹೇಳ್ಕೊಟ್ಟಿದ್ದು. ಒಂದ್ಮಾತು ಕೇಳ್ತೀನಿ, ನಿಮ್ಮಮ್ಮ ಹೋಗಿ ಎಷ್ಟು ವರ್ಷ ಆಯ್ತು?”

“ಹದಿನೈದು.”

“ಹದಿನೈದು ವರ್ಷದಿಂದ ನಿಮ್ಮಪ್ಪ ದಿನಾ ಎದುರು ಹೋಟ್ಲಲ್ಲಿ ಮೊದಲ್ನೇ ಕಾಫಿ ಕುಡೀತಾರೆ. ಹೋಟ್ಲು ಮುಚ್ಚಿಲ್ವಲ್ಲಪ್ಪ. ಮೇಲ್ಗಡೆ ಒಂದು ಮಹಡಿನೂ ಕಟ್ಟಿದ್ದಾರೆ.”

ಇಷ್ಟು ಹೇಳಿ ಕೊಡೆಯಿಂದ ನೆಲಕ್ಕೆ ಒಂದು ಚುಕ್ಕೆ ಇಟ್ಟರು. ನಿಮ್ಮಪ್ಪ ಕರೆದ ದಿನ ಮೊದಲು ಬರುತ್ತೇನೆ, ಅಲ್ಲಿಯವರೆಗೆ ಕಂಬವೇ ಸರಿ ಅಂದರು. ನಾನು ಈ ಕಾಫಿಯ ಮಾತನ್ನು ಅಪ್ಪನಿಗೆ ಹೇಳಿದೆ. ಅವರು ಅವತ್ತು ಉಣ್ಣಲಿಲ್ಲ. ಮಾರನೇ ದಿನದಿಂದ ಹೋಟೆಲಿಗೆ ಹೋಗುವುದನ್ನು ಅರ್ಧ ಗಂಟೆ ತಡ ಮಾಡಿದರು. ಆದರೆ ಕರೆಯಲಿಲ್ಲ. ಅಪ್ಪ ಕೆಟ್ಟವರಲ್ಲ. ಒಮ್ಮೆ ಹೇಳಿದ್ದನ್ನು ತಪ್ಪು ಅಂತ ಒಪ್ಪಿಕೊಳ್ಳಲು ಬಾಯಿ ಬಾರದವರು, ಅಷ್ಟೇ.

ಹೀಗೆ ಹನ್ನೊಂದು ವರ್ಷ ನಡೆಯಿತು ಅಂದರೆ ಯಾರೂ ನಂಬುವುದಿಲ್ಲ. ಬೇಕಾದ್ದನ್ನೆಲ್ಲ ನಮ್ಮಲ್ಲೇ ಕೊಳ್ಳುತ್ತಿದ್ದರು, ಅಪ್ಪನ ಮಂಡಿನೋವು ವಿಚಾರಿಸುತ್ತಿದ್ದರು, ಹೊಸ ಅರ್ಥ ಸಿಕ್ಕರೆ ಹೇಳುತ್ತಿದ್ದರು. ಅಂಗಡಿಗೆ ಮೊಬೈಲಿನಲ್ಲಿ ಹಣ ಬಂದದ್ದನ್ನು ಕೂಗಿ ಹೇಳುವ ಪೆಟ್ಟಿಗೆ ತಂದಿಟ್ಟಾಗ ಅಪ್ಪ ಮೊದಲ ದಿನ ಅದರ ದನಿ ಕೇಳಿ, ಕಣ್ಣಿಗೊತ್ತಿಕೊಳ್ಳಲು ನೋಟು ಇಲ್ಲದೆ ಆ ಪೆಟ್ಟಿಗೆಯನ್ನೇ ಎತ್ತಿ ಕಣ್ಣಿಗೆ ಒತ್ತಿಕೊಂಡರು. ಅದು ಟೀಚರ ನೋಟ್‌ಬುಕ್ಕಿನಲ್ಲಿ ಇಪ್ಪತ್ತೆರಡನೆಯದು. ಆದರೆ ಬೆಳಿಗ್ಗೆ ಮಾತ್ರ ಯಾರಾದರೂ ಒಬ್ಬ ಗಿರಾಕಿ ಮೆಟ್ಟಿಲು ಹತ್ತಿ ಇಳಿಯುವವರೆಗೆ ಅವರು ಕಂಬದ ಹತ್ತಿರವೇ ನಿಲ್ಲುತ್ತಿದ್ದರು. ಆಯ್ತಾ ಬೋಣಿ ಅಂತ ಕೇಳಿಯೇ ಬರುತ್ತಿದ್ದರು. ಆ ಪ್ರಶ್ನೆ ಒಂದು ದಿನವೂ ನನಗೆ ಹಳತಾಗಲಿಲ್ಲ.

ಕಳೆದ ತಿಂಗಳು ಅವರ ಬೀಳ್ಕೊಡುಗೆ ಸಮಾರಂಭದ ಕರೆಯೋಲೆ ನಮ್ಮಲ್ಲೇ ಜೆರಾಕ್ಸಿಗೆ ಬಂತು. ಅಪ್ಪ ಅದನ್ನು ಕನ್ನಡಕ ಹಾಕಿ ಎರಡು ಸಲ ಓದಿದರು. ಸಮಾರಂಭದ ದಿನ ಬೆಳಿಗ್ಗೆ ನನಗಿಂತ ಮೊದಲೇ ಅಂಗಡಿಗೆ ಬಂದು ಕೂತಿದ್ದರು.

“ಯಾರಿಗೂ ಏನೂ ಕೊಡ್ಬೇಡ. ಟೀಚರಮ್ಮ ಬರ್ಲಿ ಮೊದ್ಲು” ಅಂದರು.

ಅವತ್ತೇ ಟೀಚರ್ ತಡ. ಮನೆಯಲ್ಲಿ ಹಾರ ತುರಾಯಿ ಹಿಡಿದು ಬಂದವರನ್ನು ಕಳಿಸಿ ಹೊರಡಬೇಕಿತ್ತು. ಇತ್ತ ಆಧಾರ್ ಕಾರ್ಡ್ ಜೆರಾಕ್ಸ್ ಮಾಡಿಸಲು ಮಂಚೇನಹಳ್ಳಿಯಿಂದ ಬಂದ ರೈತರೊಬ್ಬರು, ಜಾಮೆಟ್ರಿ ಬಾಕ್ಸ್ ಬೇಕಾದ ಕಾಲೇಜು ಹುಡುಗಿ, ಗೋಂದು ಬೇಕಾದವರು, ಹಾಳೆ ಬೇಕಾದವರು, ಒಟ್ಟು ಎಂಟು ಜನ. ಒಬ್ಬೊಬ್ಬರಿಗೂ ನಾನು ಹೇಳಿದ್ದು ಒಂದೇ, ಐದು ನಿಮಿಷ ತಡೀರಿ, ಇನ್ನೂ ಬೋಣಿ ಆಗಿಲ್ಲ. “ಬೋಣಿ ಮಾಡೋಕೇ ತಾನೇ ನಾವು ನಿಂತಿರೋದು?” ಅಂತ ಮಂಚೇನಹಳ್ಳಿಯವರು ಗದರಿದರು. ಅದು ನ್ಯಾಯವಾದ ಪ್ರಶ್ನೆ.

ಕೊನೆಗೆ ಕೊಡೆ ಕಾಣಿಸಿತು. ಟೀಚರ್ ಅಭ್ಯಾಸದಂತೆ ಕಂಬದ ಹತ್ತಿರ ನಿಂತರು. ಬಾಯಿ ತೆರೆಯುವ ಮೊದಲೇ ಅಪ್ಪ ಮಂಡಿ ಹಿಡಿದುಕೊಂಡು ಎದ್ದು, ಮೆಟ್ಟಿಲಿಗೆ ಬಂದರು.

“ಬನ್ನಿ ಟೀಚರಮ್ಮ. ಬೋಣಿ ಮಾಡ್ಕೊಡಿ. ನಾನು ಕರೀತಾ ಇದ್ದೀನಿ” ಅಂದರು.

ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ರಸ್ತೆ ದಾಟಿ ಬಂದು ಎಂಟು ಜನರನ್ನೂ ನೋಡಿದರು. ಯಾಕಪ್ಪ ಇವರೆಲ್ಲ ನಿಂತಿದ್ದಾರೆ ಅಂತ ಕೇಳಿದರು. ಮಂಚೇನಹಳ್ಳಿಯವರೇ ಹೇಳಿದರು, ನಿಮಗೋಸ್ಕರವಂತೆ ತಾಯಿ.

ಒಂದು ಕಣ್ಣು ಮುಚ್ಚಿದರು. ಆಮೇಲೆ ಅಪ್ಪನಿಗೆ ಕೈಮುಗಿದರು. “ಕರೆದ್ರಲ್ಲ, ನಂಗಷ್ಟು ಸಾಕು. ಆದ್ರೆ ಇವ್ರನ್ನ ಕಾಯ್ಸಿ ನಾನು ಮೊದಲಾದ್ರೆ ಏನು ಚೆಂದ? ಯಾರು ಮೊದ್ಲು ಬಂದಿದ್ರೋ ಅವರಿಗೆ ಕೊಡಪ್ಪ” ಅಂದವರೇ ಹೋಗಿ ಸಾಲಿನ ಕೊನೆಯಲ್ಲಿ, ಒಂಬತ್ತನೆಯವರಾಗಿ ನಿಂತರು. ಅಪ್ಪ ಹೋಗಿ ಕುರ್ಚಿಯಲ್ಲಿ ಕೂತರು. ನಾನು ಆಧಾರ್ ಕಾರ್ಡಿನಿಂದ ಶುರು ಮಾಡಿದೆ. ಒಬ್ಬೊಬ್ಬರು ಮುಗಿದ ಹಾಗೆ ಹಿಂದಿನಿಂದ ಹಾಜರಿಯ ದನಿ, “ಆಯ್ತೇನಪ್ಪ? ಈಗ ಬರ್ಲಾ?” ಸಾಲಿನಲ್ಲಿದ್ದವರೂ ನಗಲು ಶುರುಮಾಡಿದ್ದರು.

ಅವರ ಸರದಿ ಬಂದಾಗ ಕೇಳಿದ್ದು ಒಂದು ಕೆಂಪು ರೀಫಿಲ್. ಪೆನ್ನಿಗೆ ಹಾಕಿ, ಬರೆಯುತ್ತದೆಯೋ ಇಲ್ಲವೋ ನೋಡಲು ಆ ಹಳೆಯ ನೋಟ್‌ಬುಕ್ಕು ತೆಗೆದರು. ನನಗೆ ಧೈರ್ಯ ಬಂತು.

“ಟೀಚರ್, ಹದಿನೇಳನ್ನ ಹೊಡೆದು ಹಾಕಿಬಿಡಿ.”

“ಒಂದ್ಸಲ ಬಳಸಿದ ಅರ್ಥನ ಹೊಡೆದು ಹಾಕೋ ಹಾಗಿಲ್ಲಪ್ಪ. ಬೇಕಾದ್ರೆ ಪಕ್ಕದಲ್ಲಿ ‘ಈಗ ಬಳಕೆಯಲ್ಲಿಲ್ಲ’ ಅಂತ ಬರೀಬಹುದು.”

“ಹಾಗೇ ಬರೀರಿ.”

“ಹೆಂಗ್ ಬರೀಲಿ? ಇವತ್ತು ಬೆಳಿಗ್ಗೆನೇ ಎಂಟು ಜನಕ್ಕೆ ಹೇಳಿದ್ದೀಯ” ಅಂದರು. ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು, ನೋಡೋಣ ತಾಳು ಅಂತ ಹೇಳಿ ರೈಲಿಗೆ ನಡೆದರು.

ಮಾರನೇ ವಾರ ಅವರು ಹಳ್ಳಿಗೆ ಹೋದರು. ಕಂಬ ಖಾಲಿಯಾಯಿತು ಅಂದುಕೊಂಡಿದ್ದೆ. ಮೊನ್ನೆ ಷಟರ್ ಎತ್ತಿ ನೋಡಿದರೆ ಅದೇ ಕಂಬದ ಹತ್ತಿರ ಒಬ್ಬ ಹೆಂಗಸು ನಿಂತಿದ್ದಾಳೆ. ನಮ್ಮ ಹಿಂದಿನ ಬೀದಿಯಲ್ಲಿ ಹೂವು ಕಟ್ಟುವವಳು. ಗಂಡ ಹೋಗಿ ಇನ್ನೂ ಎರಡು ತಿಂಗಳಾಗಿಲ್ಲ. ಕೈಯಲ್ಲಿ ಮಗಳ ಶಾಲೆಯ ಪುಸ್ತಕದ ಪಟ್ಟಿ. ಬರುವುದೋ ಬೇಡವೋ ಅಂತ ನೋಡುತ್ತಿದ್ದಳು, ಮೊದಲು ಬೇರೆ ಯಾರಾದರೂ ಬರಲಿ ಅಂತ ಕಾಯುತ್ತಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಅಪ್ಪ ಕೂಗಿದರು.

“ಯಾಕಮ್ಮ ಅಲ್ಲಿ ನಿಂತಿದ್ದೀಯ? ಅಂಗಡಿ ತೆಗ್ದಾಯ್ತು, ಬಾ ತಾಯಿ.”

ಅವಳು ಬಂದಳು. ಮೂರು ನೋಟ್‌ಬುಕ್ಕು, ಒಂದು ರಬ್ಬರು. ಅವಳು ಕೊಟ್ಟ ನೋಟನ್ನು ಅಪ್ಪ ಕಣ್ಣಿಗೆ ಒತ್ತಿಕೊಂಡರು. ಅವಳು ಅದನ್ನು ನೋಡುತ್ತಾ ನಿಂತಿದ್ದು, ಆಮೇಲೆ ಮೆಟ್ಟಿಲಿಳಿದು ಹೋದಳು. ನಾನು ಟೀಚರಿಗೆ ಫೋನು ಮಾಡಿದೆ.

“ಟೀಚರ್, ಬೋಣಿ ಆಯ್ತು.”

“ಯಾರ ಕೈಲಿ?” ಅಂದರು.

ಹೇಳಿದೆ. ಯಾರು ಕರೆದದ್ದು ಅನ್ನುವುದನ್ನೂ ಹೇಳಿದೆ. ಆ ಕಡೆ ಟೀಚರ್ ಒಂದು ಕಣ್ಣು ಮುಚ್ಚಿಕೊಂಡಿರಬೇಕು. ಆಮೇಲೆ ನೋಟ್‌ಬುಕ್ಕಿನ ಹಾಳೆ ಮಗುಚಿದ ಸದ್ದು, ಮೇಜಿನ ಡ್ರಾಯರ್ ಎಳೆದ ಸದ್ದು ಕೇಳಿಸಿತು.

“ತಾಳಪ್ಪ, ಫೋನಿಡಬೇಡ. ಆ ಕೆಂಪು ಪೆನ್ನು ಎಲ್ಲಿಟ್ಟೆ ನೋಡ್ತೀನಿ.”